ಒಂದೇ ಬೀರುವಿನಲ್ಲಿ ಮುದುಕನೂ ಅಳಿಯನೂ

ಆ ಮನೆಯಲ್ಲಿ ಬೆಳಗಾದರೆ ಮೊದಲು ವಿಚಾರಿಸುತ್ತಿದ್ದುದು ಮುದುಕನ ಯೋಗಕ್ಷೇಮ. "ಮುದುಕ ಹೇಗಿದ್ದಾನೆ?" ಎಂದು ಅತ್ತೆ ಮಹಡಿಯಿಂದಲೇ ಕೂಗಿ ಕೇಳುವರು. "ಉಂಡು ಮೈ ಚಾಚಿದ್ದಾನೆ" ಎಂದು ಹಿರಿಸೊಸೆ ಕೆಳಗಿನಿಂದ ಉತ್ತರ ಕೊಡುವಳು. ಹೊಸಬರು ಯಾರಾದರೂ ಇದನ್ನು ಕೇಳಿಸಿಕೊಂಡರೆ, ಒಳಗೆಲ್ಲೋ ಹಾಸಿಗೆ ಹಿಡಿದ ಹಿರಿಯರೊಬ್ಬರು ಇದ್ದಾರೆಂದು ತಿಳಿದು ದನಿ ತಗ್ಗಿಸುತ್ತಿದ್ದರು. ಹಾಗೇನೂ ಇರಲಿಲ್ಲ. ಮುದುಕ ಎಂದರೆ ಒಂದು ಬೂಷ್ಟು. ಸಸಿಯ ಬೇರಿಗೆ ಹತ್ತಿಕೊಂಡು, ಬೇರನ್ನು ಕೊಳೆಸಿ, ನಿಂತ ಗಿಡವನ್ನು ಎರಡೇ ದಿನದಲ್ಲಿ ಮಲಗಿಸುವ ಬಿಳಿ ನೂಲಿನಂಥ ಬೂಷ್ಟು.

ಹದಿನೆಂಟು ವರ್ಷದ ಹಿಂದೆ ಮಾವ ಅದನ್ನು ಒಂದು ಟೊಮೆಟೊ ಸಸಿಯ ತಟ್ಟೆಯಿಂದ ಹಿಡಿದು ತಂದಿದ್ದರು. ತಟ್ಟೆಯ ಸಸಿಗಳೆಲ್ಲ ಸತ್ತು ಬಿದ್ದಿದ್ದವು, ಮೂಲೆಯಲ್ಲಿ ಒಂದು ಮಾತ್ರ ಏನೂ ಆಗದವರ ಹಾಗೆ ತಲೆಯೆತ್ತಿ ನಿಂತಿತ್ತು. ಬದುಕಿದ ಆ ಸಸಿಯ ಬೇರಿನಿಂದ ಮಾವ ಒಂದು ಬ್ಯಾಕ್ಟೀರಿಯಾವನ್ನೂ ಬಿಡಿಸಿಕೊಂಡರು. ಅದಕ್ಕೆ ಅಳಿಯ ಎಂದು ಹೆಸರಿಟ್ಟವರು ಅತ್ತೆ. "ಯಾರದೋ ಮಣ್ಣಿಂದ ಬಂದ. ಇಲ್ಲಿ ಕೂತ್ಕೊಂಡು ಹೊಟ್ಟೆ ತುಂಬ ತಿಂತಾನೆ. ಕೆಲಸ ಮಾತ್ರ ಒಂದೇ, ಮುದುಕನ್ನ ಹೆದರಿಸೋದು" ಎನ್ನುವರು. ಅವರಿಗೆ ಹೆಣ್ಣುಮಕ್ಕಳಿರಲಿಲ್ಲ, ಆದ್ದರಿಂದ ಈ ಹೆಸರಿಗೆ ಯಾರೂ ಬೇಸರ ಮಾಡಿಕೊಳ್ಳುವ ಪ್ರಮೇಯವೂ ಇರಲಿಲ್ಲ.

ಮನೆಯ ಕೆಳ ಅಂತಸ್ತು ಪೂರ್ತಿ ಇವರಿಬ್ಬರದೇ ಕಾರುಬಾರು. ಹಿಂದಿನ ಕೋಣೆಯ ದೊಡ್ಡ ಪೀಪಾಯಿಯಲ್ಲಿ ಹಿರಿಸೊಸೆಯ ಮೈದುನ ಅಳಿಯನನ್ನು ಬೆಳೆಸಿ ಬಾಟಲಿಗೆ ತುಂಬುವನು. ಅವಳ ಗಂಡ ಅದನ್ನು ವ್ಯಾನಿನಲ್ಲಿ ಸಸಿ ಬೆಳೆಸುವವರಿಗೆ ಮುಟ್ಟಿಸುವನು. ಮುಂದಿನ ಕೋಣೆ ಲ್ಯಾಬು, ಅದು ಹಿರಿಸೊಸೆಯದು. ಪ್ರತಿ ಪೀಪಾಯಿ ಹಣ್ಣಾದಾಗಲೂ ಅವಳು ಆಲೂಗಡ್ಡೆ ಬೇಯಿಸಿದ ನೀರಿಗೆ ಸಕ್ಕರೆ, ಅಗರ್ ಹಾಕಿ ಗಾಜಿನ ಪ್ಲೇಟಿನಲ್ಲಿ ಹೆಪ್ಪುಗಟ್ಟಿಸಿ, ನಡುವೆ ಮುದುಕನ ಒಂದು ಚೂರು ಇಟ್ಟು, ಅಂಚಿನಲ್ಲಿ ಅಳಿಯನ ಒಂದು ಗೆರೆ ಎಳೆಯುವಳು. ಮುದುಕ ಸುತ್ತಲೂ ಬೆಳೆಯುತ್ತ ಬರುತ್ತಾನೆ, ಅಳಿಯನಿಗೆ ಒಂದು ಬೆರಳಿನಷ್ಟು ದೂರದಲ್ಲಿ ನಿಂತುಬಿಡುತ್ತಾನೆ. "ಅಳಿಯ ಏನನ್ನೋ ಜಿನುಗಿಸ್ತಾನೆ. ಅದು ಅಗರ್‌ನಲ್ಲಿ ಹರಡುತ್ತೆ. ಮುದುಕನ ಕಾಲಿಗೆ ತಾಗಿದ ತಕ್ಷಣ ಅವನು ಹಿಂದಕ್ಕೆ ಸರೀತಾನೆ" ಎಂದು ಮಾವ ಅವಳಿಗೆ ವಿವರಿಸಿದ್ದರು. ನಡುವೆ ಉಳಿಯುವ ಆ ಬರಿದಾದ ಪಟ್ಟಿ ಕಂಡರೆ ಮಾತ್ರ ಬಾಟಲಿ ಹೊಸಿಲು ದಾಟಬೇಕು. ಬೂಷ್ಟುಗಳಿಗೇನು, ಬೇಕಾದಷ್ಟು ಸಿಗುತ್ತವೆ. ಆದರೆ ಮುದುಕನಷ್ಟು ಹಠಮಾರಿ ಇನ್ನೊಂದು ಸಿಕ್ಕಿರಲಿಲ್ಲ. ಮುದುಕನನ್ನು ನಿಲ್ಲಿಸಿದ ಬಾಟಲಿ ಎಂದರೆ ಸಸಿ ಬೆಳೆಯುವವರು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಿದ್ದರು.

ಏಳು ವರ್ಷದ ಹಿಂದೆ ತೀರಿಕೊಳ್ಳುವ ಮುಂಚೆ ಮಾವ ಇಬ್ಬರು ಗಂಡುಮಕ್ಕಳನ್ನು ಬಿಟ್ಟು ಅವಳನ್ನು ಹತ್ತಿರ ಕರೆದಿದ್ದರು. "ಇವರಿಬ್ಬರದೂ ಒರಟು ಕೈ. ಮುದುಕನ್ನ ನೀನು ನೋಡ್ಕೋಮ್ಮ" ಎಂದಿದ್ದರು. ಅಂದಿನಿಂದ ಅವಳು ತವರಿಗೆ ಹೋದರೂ ಮೂರನೆಯ ದಿನಕ್ಕೆ ವಾಪಸ್ಸು. ಹತ್ತು ದಿನಕ್ಕೊಮ್ಮೆ ಹಳೆಯ ಪ್ಲೇಟಿನಿಂದ ಹೊಸ ಪ್ಲೇಟಿಗೆ ಮುದುಕನನ್ನು ದಾಟಿಸಬೇಕು. ಜೊತೆಗೆ ಮೂಲ ಕಲ್ಚರ್ ಎಂದು, ಬಿತ್ತನೆಗೆ ಎತ್ತಿಟ್ಟ ಬೀಜದ ಹಾಗೆ, ಹತ್ತಿ ಮುಚ್ಚಳದ ಮೂರು ಟ್ಯೂಬುಗಳು. ಹೆತ್ತ ಮಕ್ಕಳಿಲ್ಲದ ಅವಳಿಗೆ ಇದೇ ಒಂದು ಸಂಸಾರವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಿದವರಿಲ್ಲ, ಹೇಳಿದ್ದರೆ ಅವಳು ಜಗಳಕ್ಕೆ ನಿಲ್ಲುತ್ತಿದ್ದಳು.

ಇಂಥ ಮನೆಗೆ ಐದು ತಿಂಗಳ ಹಿಂದೆ ಮೈದುನ ಮದುವೆಯಾಗಿ ಹೆಂಡತಿಯನ್ನು ಕರೆತಂದ. ಹುಡುಗಿ ಪುಸ್ತಕದ ಬೈಂಡಿಂಗ್ ಮಾಡುವವರ ಮಗಳು. ಮುಖದಲ್ಲಿ ನಗು, ಕೈಯಲ್ಲಿ ಚುರುಕು. ಎಲ್ಲ ಸರಿ, ಒಂದು ಮಾತ್ರ ಹಿರಿಸೊಸೆಗೆ ಗಂಟಲಲ್ಲಿ ಸಿಕ್ಕಿಕೊಂಡಿತು: ಮದುವೆಗೆ ಮುಂಚೆ ಅವಳು ದೊಡ್ಡ ಲ್ಯಾಬಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದಳು. ದೊಡ್ಡ ಲ್ಯಾಬು ಎಂದರೆ ಬಸ್ ನಿಲ್ದಾಣದ ಹಿಂದಿನ ಮೂರು ಅಂತಸ್ತಿನ ಕಟ್ಟಡ. ಅವರೂ ಇಂಥದೇ ಬಾಟಲಿ ಮಾರುವವರು. ಮುದುಕನ ಒಂದು ಚೂರು ಕೊಡಿ ಎಂದು ಮಾವನ ಕಾಲದಿಂದಲೂ ಮೂರು ಸಲ ಕೇಳಿಸಿದ್ದವರು, ಮೂರು ಸಲವೂ ಇಲ್ಲ ಅನ್ನಿಸಿಕೊಂಡವರು.

ಬಂದ ಒಂಬತ್ತನೆಯ ದಿನ ಕಿರಿಸೊಸೆ ಲ್ಯಾಬಿನ ಬಾಗಿಲಲ್ಲಿ ನಿಂತು, "ಅಕ್ಕಾ, ಪ್ಲೇಟ್ ತೊಳೆದುಕೊಡ್ಲಾ?" ಎಂದಳು. ಹಿರಿಸೊಸೆ ಸರಿ ಎಂದಳು. ತೊಳೆಯುತ್ತ ತೊಳೆಯುತ್ತ ಹುಡುಗಿ ಒಲೆಯ ಮೇಲಿನ ಪಾತ್ರೆಗೆ ಇಣುಕಿ, "ಅಲ್ಲಿ ನಾವು ಆಲೂಗಡ್ಡೆ ಇಷ್ಟು ಹೊತ್ತು ಬೇಯಿಸ್ತಿರ್ಲಿಲ್ಲ ಅಕ್ಕ" ಎಂದಳು.

ನಾವು! ಮದುವೆಯಾಗಿ ಒಂಬತ್ತು ದಿನವಾದರೂ ಇವಳ 'ನಾವು' ಇನ್ನೂ ಬಸ್ ನಿಲ್ದಾಣದ ಹಿಂದೆಯೇ ಇದೆ ಎಂದುಕೊಂಡಳು ಹಿರಿಸೊಸೆ. ಆ ಮಾತು ಅವಳ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಸಂಜೆಯೊಳಗೆ ಅವಳು ಮುಂದಿನ ಕೋಣೆಯ ತೆರೆದ ಹಲಗೆಯ ಮೇಲಿದ್ದ ಮುದುಕನ ಪ್ಲೇಟುಗಳನ್ನೂ ಟ್ಯೂಬುಗಳನ್ನೂ ಎತ್ತಿ, ತನ್ನ ಬಟ್ಟೆಯ ಸ್ಟೀಲ್ ಬೀರುವಿನಲ್ಲಿದ್ದುದನ್ನೆಲ್ಲ ಹೊರಗೆ ಸುರಿದು, ಅದರೊಳಗೆ ಇಟ್ಟಳು. ಅಳಿಯನನ್ನು ಬಿಟ್ಟರಾದೀತೇ? ಪೀಪಾಯಿ ಕೋಣೆಯಲ್ಲಿದ್ದ ಅವನ ಹದಿನಾರು ಪ್ಲೇಟುಗಳನ್ನೂ ತಂದು ಕೆಳಗಿನ ಖಾನೆಯಲ್ಲಿ ಜೋಡಿಸಿದಳು. ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಬೀರುವಿನ ಬಟ್ಟೆಯೆಲ್ಲ ಮಂಚದ ಮೇಲೆ ಗುಡ್ಡೆ ಬಿದ್ದುದನ್ನು ಕಂಡ ಗಂಡ, "ಮನೆ ಬಿಡ್ತಿದ್ದೀವಾ?" ಎಂದು ಕೇಳಿದ. "ಮನೇಲೇ ಉಳೀಬೇಕು ಅಂತಲೇ ಈ ವ್ಯವಸ್ಥೆ" ಎಂದಳು.

ಮೂರು ವಾರದಲ್ಲಿ ಮುದುಕ ಸೊರಗತೊಡಗಿದ.

ಮೊದಲು ಅವಳಿಗೆ ಅಗರ್ ಮೇಲೆ ಅನುಮಾನ ಬಂತು. ಹೊಸ ಡಬ್ಬಿ ತರಿಸಿದಳು. ಆಲೂಗಡ್ಡೆ ಅಂಗಡಿ ಬದಲಾಯಿಸಿದಳು. ನಾಲ್ಕು ದಿನಕ್ಕೆ ಪ್ಲೇಟು ತುಂಬುತ್ತಿದ್ದ ಮುದುಕ ಎಂಟು ದಿನವಾದರೂ ನಾಣ್ಯದಗಲಕ್ಕೆ ನಿಂತಿದ್ದ. ಬಿಳಿ ನೂಲು ಹಳದಿಗೆ ತಿರುಗಿ, ಮುದುಡಿಕೊಂಡು, ನೋಡಿದರೆ ಹೊಟ್ಟೆಯುರಿಯುವ ಹಾಗೆ ಇದ್ದ. ಹದಿನೆಂಟು ವರ್ಷದಲ್ಲಿ ಇಲ್ಲದ್ದು ಈಗ. ಏನು ಬದಲಾಗಿದೆ ಈ ಮನೆಯಲ್ಲಿ? ಒಂದೇ ಒಂದು ಬದಲಾಗಿದೆ. ಆ ಒಂದು ಹಿತ್ತಲಿನ ನಲ್ಲಿಯ ಹತ್ತಿರ ಕೂತು ಹಾಡು ಗುನುಗುತ್ತ ಪ್ಲೇಟು ತೊಳೆಯುತ್ತಿತ್ತು.

ಅಲ್ಲಿಂದ ಮುಂದೆ ಹಿರಿಸೊಸೆ ಮೈಯೆಲ್ಲ ಕಣ್ಣಾದಳು. ಪ್ಲೇಟಿನ ಮುಚ್ಚಳಕ್ಕೂ ತಳಕ್ಕೂ ಸೇರುವಂತೆ ಪೆನ್ಸಿಲ್ಲಿನಿಂದ ಚಿಕ್ಕ ಚುಕ್ಕಿ ಇಟ್ಟಳು. ಯಾರಾದರೂ ಮುಚ್ಚಳ ತಿರುಗಿಸಿದರೆ ಚುಕ್ಕಿ ತಪ್ಪಬೇಕು. ಚುಕ್ಕಿ ತಪ್ಪಲಿಲ್ಲ. ಬೀರುವಿನ ಮುಂದೆ ನೆಲಕ್ಕೆ ಪೌಡರು ಉದುರಿಸಿದಳು. ಹೆಜ್ಜೆ ಬಿತ್ತು. ಅಳತೆ ನೋಡಿದರೆ ಅದು ಅತ್ತೆಯ ಪಾದ, ಕನ್ನಡಕ ಹುಡುಕಿಕೊಂಡು ಬಂದಿದ್ದರಂತೆ. "ನೆಲಕ್ಕೆಲ್ಲ ಪೌಡರು ಚೆಲ್ಲಿದ್ದೀಯಲ್ಲೇ, ಬೀರೂಗೆ ಬೆವರುಗುಳ್ಳೆಯಾ?" ಎಂದು ಅತ್ತೆ ಬೇರೆ ಒಗ್ಗರಣೆ ಹಾಕಿದರು.

ಚುಕ್ಕಿಗೂ ಪೌಡರಿಗೂ ಸಿಗದ ಕಳ್ಳಿ ಎಂದರೆ ಎಷ್ಟು ಪಳಗಿರಬೇಕು ಎಂದು ಅವಳಿಗೆ ಭಯ ಹೆಚ್ಚಾಯಿತು. ಬೀರುವಿನ ಬಾಗಿಲ ಸಂದಿಯಲ್ಲಿ ಏನಾದರೂ ಊದುತ್ತಿರಬಹುದೇ? ಸಂದಿಗೆಲ್ಲ ಕಾಗದದ ಟೇಪು ಅಂಟಿಸಿದಳು. ಹಿಂಬದಿಯ ತೂತಿಗೆ ಬಟ್ಟೆ ತುರುಕಿದಳು. ದಿನಕ್ಕೆ ಎರಡು ಸಲ ತೆರೆಯುತ್ತಿದ್ದವಳು ಮೂರು ದಿನಕ್ಕೊಮ್ಮೆ ತೆರೆಯತೊಡಗಿದಳು. ಎಷ್ಟು ಬಿಗಿ ಮಾಡಿದಳೋ ಮುದುಕ ಅಷ್ಟು ಬೇಗ ಇಳಿದುಹೋದ. ನೋಡಿ, ನಾನು ಎಚ್ಚರವಾದಷ್ಟೂ ಇವಳು ಹಟಕ್ಕೆ ಬೀಳುತ್ತಿದ್ದಾಳೆ ಎಂದುಕೊಂಡಳು.

ಸಾಕ್ಷಿಗಳಿಗೇನು, ಹುಡುಕಿದವರಿಗೆ ಸಿಕ್ಕೇ ಸಿಗುತ್ತವೆ. ಕಿರಿಸೊಸೆ ಫೋನಿನಲ್ಲಿ ಮಾತಾಡಲು ತಾರಸಿಗೆ ಹೋಗುತ್ತಾಳೆ. ಯಾಕೆ, ಕೆಳಗೆ ಗಾಳಿ ಇಲ್ಲವೇ? ಒಂದು ದಿನ ತರಕಾರಿ ತರುವಾಗ ದೊಡ್ಡ ಲ್ಯಾಬಿನ ಮ್ಯಾನೇಜರು ಸ್ಕೂಟರ್ ನಿಲ್ಲಿಸಿ "ಹೇಗಿದ್ದೀಯಮ್ಮ?" ಎಂದು ಕೇಳಿದ. ಇವಳು ಹಲ್ಲು ಬಿಟ್ಟಳು. ಬೇಡವಾದ ಪ್ಲೇಟುಗಳನ್ನು, ತೊಳೆಯುವ ಮುಂಚೆ ಒಳಗಿನದು ಬೆಂದು ಸಾಯಲೆಂದು, ಕುಕ್ಕರಿಗೆ ಹಾಕು ಎಂದು ಕೊಟ್ಟರೆ, ಬೆಳಕಿಗೆ ಹಿಡಿದು ಹಿಡಿದು ನೋಡುತ್ತಾಳೆ. ಸಾಯುವವನನ್ನು ನೋಡಿ ಖುಷಿಪಡುವುದೇ?

ಒಂದು ಮಧ್ಯಾಹ್ನ ಹಿರಿಸೊಸೆ ಟೇಪು ಕಿತ್ತು ಬೀರು ತೆರೆದಾಗ ಹುಡುಗಿ ಹಿಂದೆಯೇ ಬಂದು ನಿಂತಿದ್ದಳು.

"ಅಕ್ಕಾ, ಇದನ್ನ ತೆಗೆದಾಗ ಒಂಥರಾ ವಾಸನೆ ಬರುತ್ತಲ್ವಾ? ಎಲೆಕೋಸು ಬೇಯಿಸಿ ಮುಚ್ಚಿಟ್ಟು ಮರೆತ ಹಾಗೆ."

"ನನ್ನ ಬೀರು ನಾರುತ್ತೆ ಅಂತಿದ್ದೀಯಾ?"

"ಅಯ್ಯೋ, ಹಾಗಲ್ಲ ಅಕ್ಕ. ಒಳಗಡೆ ಏನೋ..."

"ನಿನ್ನ ಮೂಗು ಸ್ವಲ್ಪ ಉದ್ದ ಆಯ್ತು. ಹೋಗು, ಪ್ಲೇಟ್ ಹಾಗೇ ಬಿದ್ದಿವೆ."

ವಾಸನೆ ಅವಳಿಗೂ ಬಂದಿತ್ತು, ದಿನವೂ ಬರುತ್ತಿತ್ತು. ಮುಚ್ಚಿದ ಬೀರು ಎಂದ ಮೇಲೆ ವಾಸನೆ ಇದ್ದದ್ದೇ ಎಂದು ಸುಮ್ಮನಿದ್ದಳು. ಹುಡುಗಿ ಬಾಯಿಬಿಟ್ಟು ಹೇಳಿದ ಮೇಲಂತೂ ಅದನ್ನು ಒಪ್ಪಿಕೊಳ್ಳುವ ಪ್ರಶ್ನೆಯೇ ಬರಲಿಲ್ಲ.

ಅದಾದ ಹತ್ತನೆಯ ದಿನ ಅತ್ತೆಗೆ ಚಳಿ ಎನಿಸಿತು. ಕಿರಿಯವರ ಕೋಣೆಯಿಂದ ದಪ್ಪ ಹೊದಿಕೆ ತಾ ಎಂದರು. ಕಿರಿಸೊಸೆ ಅಂಗಡಿಗೆ ಹೋಗಿದ್ದಳು. ಹಿರಿಸೊಸೆ ಕುರ್ಚಿ ಹತ್ತಿ ಅಟ್ಟದ ಮೇಲೆ ಕೈಯಾಡಿಸಿದಳು. ಹೊದಿಕೆಯ ಹಿಂದೆ ಒಂದು ಚಪ್ಪಲಿ ಡಬ್ಬಿ. ಚಪ್ಪಲಿ ಡಬ್ಬಿಗೆ ಇಷ್ಟು ತೂಕ ಯಾಕೆ? ಮುಚ್ಚಳ ತೆಗೆದಳು.

ಒಳಗೆ ಎಂಟು ಪ್ಲೇಟು. ಎಂಟರಲ್ಲೂ ಮುದುಕ. ಅಂಚಿನಿಂದ ಅಂಚಿಗೆ ತುಂಬಿಕೊಂಡು, ಹಾಲಿನ ಕೆನೆಯ ಹಾಗೆ ಬೆಳ್ಳಗೆ, ನಾಲ್ಕು ತಿಂಗಳಿಂದ ಅವಳು ಕಂಡಿರದ ದಷ್ಟಪುಷ್ಟ ಮುದುಕ.

ಅವಳಿಗೆ ಮೊದಲು ಆದದ್ದು ಸಂತೋಷ. ಇದನ್ನು ಹೇಳದೆ ಬಿಟ್ಟರೆ ಅವಳಿಗೆ ಅನ್ಯಾಯ ಮಾಡಿದ ಹಾಗೆ. ಬದುಕಿದ್ದಾನಲ್ಲ ಎಂದು ಒಂದು ಕ್ಷಣ ಕಣ್ಣು ತುಂಬಿ ಬಂತು. ಮರುಕ್ಷಣವೇ ಮೈ ಉರಿದುಹೋಯಿತು. ನನ್ನ ಹತ್ತಿರ ಸಾಯುವವನು ಇವಳ ಚಪ್ಪಲಿ ಡಬ್ಬಿಯಲ್ಲಿ ಹೇಗೆ ಕೊಬ್ಬುತ್ತಾನೆ? ನನ್ನಲ್ಲಿರುವುದನ್ನು ಕೊಂದು, ತನ್ನಲ್ಲಿರುವುದನ್ನು ಸಾಕಿ, ನಾಳೆ ಬಸ್ ನಿಲ್ದಾಣದ ಹಿಂದಕ್ಕೆ ಸಾಗಿಸುವುದು. ಐದು ತಿಂಗಳ ಲೆಕ್ಕವೆಲ್ಲ ಸರಿಯಾಗಿ ಕೂತಿತು. ಡಬ್ಬಿಯನ್ನು ಎದೆಗವಚಿಕೊಂಡು ಕೆಳಗಿಳಿದಳು. ಹೊದಿಕೆ ಅಲ್ಲೇ ಉಳಿಯಿತು.

ಪಂಚಾಯಿತಿ ಊಟದ ಮೇಜಿನ ಸುತ್ತ ನಡೆಯಿತು. ಅತ್ತೆ, ಗಂಡ, ಪೀಪಾಯಿ ಬಿಟ್ಟು ಒದ್ದೆ ಕೈಯಲ್ಲಿ ಬಂದ ಮೈದುನ. ತರಕಾರಿ ಚೀಲ ಹಿಡಿದುಕೊಂಡೇ ಒಳಗೆ ಬಂದ ಕಿರಿಸೊಸೆ ಮೇಜಿನ ಮೇಲಿನ ಡಬ್ಬಿ ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು.

"ಇದು ಯಾರದು?" ಎಂದಳು ಹಿರಿಸೊಸೆ.

"ನಾನೇ ಇಟ್ಟಿದ್ದು ಅಕ್ಕ. ನೀವು ಕುಕ್ಕರಿಗೆ ಹಾಕು ಅಂತ ಕೊಟ್ರಲ್ಲ, ಅದರಲ್ಲಿ ಒಂದರ ಅಂಚು ಇನ್ನೂ ಬೆಳ್ಳಗಿತ್ತು. ಅದರಿಂದ ಚೂರು ತಗೊಂಡೆ. ಬೀರೂನಲ್ಲಿಟ್ಟರೆ ಸಾಯುತ್ತೆ, ಹೊರಗಿಟ್ಟರೆ ಬದುಕಬಹುದೇನೋ ಅಂತ ನೋಡೋಣ ಅನ್ನಿಸ್ತು."

"ನನಗೆ ಹೇಳೋಕೆ ಬಾಯಿರ್ಲಿಲ್ವಾ?"

"ವಾಸನೆ ಬರುತ್ತೆ ಅಂದಿದ್ದಕ್ಕೆ ಮೂಗು ಉದ್ದ ಅಂದ್ರಿ. ಇದನ್ನ ಹೇಳಿದ್ರೆ ಕೈ ಉದ್ದ ಅಂತೀರಾ ಅನ್ನೋ ಭಯ."

"ಈಗಲೂ ಅದೇ ಅಂತಿದ್ದೀನಿ!"

ಮೈದುನ "ಅತ್ತಿಗೆ, ಅವಳು ಹೇಳೋದು ಸ್ವಲ್ಪ ಕೇಳಿ..." ಎಂದು ಬಾಯಿ ತೆರೆದ. "ನೀನು ಸುಮ್ನಿರು. ನಿನ್ನ ಕಣ್ಣಿಗೆ ಮಣ್ಣೆರಚೋದು ಯಾವ ದೊಡ್ಡ ವಿದ್ಯೆ?" ಎಂದಳು. ಗಂಡ ಮೇಜಿನ ಮರದ ಗೆರೆ ಎಣಿಸುತ್ತ ಕೂತ. ಅತ್ತೆ ಮಾತ್ರ, "ಅಲ್ವೇ, ಬದುಕಿರೋದು ಸಿಕ್ಕಿದ್ಯಲ್ಲ, ಅದನ್ನ ಮೊದಲು ಎತ್ತಿಟ್ಕೊಳ್ಳೇ. ಜಗಳ ಎಲ್ಲಿಗೂ ಓಡಿಹೋಗಲ್ಲ" ಎಂದರು.

ಇಲ್ಲಿ ಮಾವನ ಒಂದು ಕಟ್ಟಳೆ ಅಡ್ಡಬಂತು. ತಾರೀಕು, ನಂಬರು, ದಾಟಿಸಿದವರ ಸಹಿ ಇಲ್ಲದ ಪ್ಲೇಟು ಮನೆಯ ಕಲ್ಚರಿನ ಜೊತೆ ಸೇರಬಾರದು. ಅದರಲ್ಲಿ ಇನ್ನೇನು ಬೆರೆತಿದೆಯೋ ಯಾರಿಗೆ ಗೊತ್ತು? ನಂಬರಿಲ್ಲದ್ದು ನೇರ ಕುಕ್ಕರಿಗೆ. ಮಾವ ಸ್ವತಃ ತಾವೇ ನಂಬರು ಹಾಕಲು ಮರೆತ ಪ್ಲೇಟುಗಳನ್ನೂ ಹಾಗೆ ಬೇಯಿಸಿದ್ದುಂಟು. ಕಟ್ಟಳೆ ಒಳ್ಳೆಯದೇ. ಆದರೆ ಅಂದು ಹಿರಿಸೊಸೆಗೆ ಅದು ಕಟ್ಟಳೆಯಾಗಿ ನೆನಪಾಗಲಿಲ್ಲ, ಕೈಗೆ ಸಿಕ್ಕ ದೊಣ್ಣೆಯಾಗಿ ನೆನಪಾಯಿತು.

ಎಂಟೂ ಪ್ಲೇಟುಗಳನ್ನು ಅವಳು ಲ್ಯಾಬಿನ ದೊಡ್ಡ ಕುಕ್ಕರಿಗೆ ಇಳಿಸಿದಳು. ಕಿರಿಸೊಸೆ ಓಡಿಬಂದು ಅವಳ ಮೊಣಕೈ ಹಿಡಿದಳು.

"ಅಕ್ಕಾ, ಒಂದನ್ನಾದ್ರೂ ಇಟ್ಕೊಳ್ಳಿ. ನನ್ನ ಮೇಲಿನ ಸಿಟ್ಟಿಗೆ ಬೇಡ. ನಿಮಗೋಸ್ಕರ ಒಂದೇ ಒಂದು ಇಟ್ಕೊಳ್ಳಿ ಅಕ್ಕ."

"ನನ್ನ ಹತ್ರ ಮೂಲ ಕಲ್ಚರ್ ಮೂರು ಟ್ಯೂಬ್ ಇದೆ. ನಿನ್ನ ಭಿಕ್ಷೆ ಬೇಡ."

ಹದಿನೈದು ನಿಮಿಷ ಕುಕ್ಕರು ಬುಸುಗುಟ್ಟಿತು. ಅಷ್ಟರಲ್ಲಿ ಕಿರಿಸೊಸೆ ಮೇಲೆ ಹೋಗಿ ಒಂದು ಚೀಲ ತುಂಬಿಕೊಂಡು ಇಳಿದುಬಂದಳು. ಬಾಗಿಲಲ್ಲಿ ಹಿರಿಸೊಸೆ ಆ ಚೀಲವನ್ನು ಇಸಿದುಕೊಂಡು, ಬಟ್ಟೆ ಬಟ್ಟೆಯನ್ನೂ ಬಿಡಿಸಿ, ಪೌಡರಿನ ಡಬ್ಬಿಯ ಮುಚ್ಚಳವನ್ನೂ ತೆಗೆದು ನೋಡಿದಳು. ಏನೂ ಇರಲಿಲ್ಲ. ಹುಡುಗಿ ಅಳಲಿಲ್ಲ. ಬಟ್ಟೆಗಳನ್ನು ಮತ್ತೆ ಮಡಚಿ ಇಟ್ಟುಕೊಂಡು, ಅತ್ತೆಯ ಕಾಲು ಮುಟ್ಟಿ ಹೊರಟುಹೋದಳು. ಅವಳನ್ನು ಬಿಟ್ಟುಬರಲು ಹೋದ ಮೈದುನ ಎರಡು ದಿನ ಬರಲಿಲ್ಲ. ಬಂದವನು ಪೀಪಾಯಿಯ ಕೋಣೆಗೆ ನೇರವಾಗಿ ಹೋದ, ಅತ್ತಿಗೆಯ ಜೊತೆ ಮಾತು ಬಿಟ್ಟ.

ಇರಲಿ, ಮನೆ ಶುದ್ಧವಾಯಿತು ಎಂದುಕೊಂಡಳು ಹಿರಿಸೊಸೆ. ಸ್ಪಿರಿಟ್ ದೀಪ ಹಚ್ಚಿ, ತಂತಿಯನ್ನು ಕೆಂಪಗೆ ಕಾಯಿಸಿ ಆರಿಸಿ, ಮೊದಲನೆಯ ಟ್ಯೂಬಿನಿಂದ ಮುದುಕನ ಚೂರನ್ನು ಹೊಸ ಪ್ಲೇಟಿಗೆ ಇಟ್ಟಳು. ಎರಡನೆಯದರಿಂದ ಇನ್ನೊಂದು. ಮೂರನೆಯದರಿಂದ ಮತ್ತೊಂದು. ಚುಕ್ಕಿ ಇಟ್ಟಳು, ಬೀರುವಿನಲ್ಲಿಟ್ಟಳು, ಟೇಪು ಅಂಟಿಸಿದಳು. ಆರು ದಿನದ ಮೇಲೆ ತೆರೆದಳು.

ಮೂರೂ ಪ್ಲೇಟು ಇಟ್ಟಂತೆಯೇ ಇದ್ದವು. ಒಂದು ನೂಲೂ ಹೊರಟಿರಲಿಲ್ಲ.

ಟ್ಯೂಬುಗಳ ತಳ ಕೆರೆದು ಕೆರೆದು ಮತ್ತೆ ಹನ್ನೆರಡು ಪ್ಲೇಟಿಗೆ ಹಾಕಿದಳು. ಅವನ್ನು ಬೀರುವಿನಲ್ಲಿಡಲು ಜಾಗ ಸಾಲದೆ ಮುಂದಿನ ಕೋಣೆಯ ಹಳೆಯ ಹಲಗೆಯ ಮೇಲಿಟ್ಟು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾದಳು. ಅವೂ ಹುಟ್ಟಲಿಲ್ಲ. ಮೂಲದಲ್ಲೇ ಮುದುಕ ಸತ್ತಿದ್ದ, ಯಾವಾಗಲೋ ಸತ್ತಿದ್ದ.

ಈಗ ಯಾರು? ಕಳ್ಳಿ ಮನೆಯಲ್ಲಿಲ್ಲ. ಕೀಲಿ ಸೊಂಟದಲ್ಲಿದೆ. ಟೇಪು ಹರಿದಿಲ್ಲ. ಒಂದು ಇಡೀ ಬೆಳಗ್ಗೆ ಅವಳು ಅತ್ತೆಯನ್ನು ಸಂಶಯದಿಂದ ನೋಡಿದಳು. ಮಧ್ಯಾಹ್ನ ಗಂಡನನ್ನು ನೋಡಿದಳು. ಗಂಡನ ಮುಖ ನೋಡಿದರೆ ಅವನಿಗೆ ಬೀರು ತೆರೆಯುವುದಿರಲಿ, ಬೀರು ಯಾವ ಗೋಡೆಗಿದೆ ಎನ್ನುವುದೂ ನೆನಪಿದ್ದಂತಿರಲಿಲ್ಲ. ಗೋಡೆಯ ಮೇಲಿನ ಹಲ್ಲಿಯನ್ನೂ ಬಿಡಲಿಲ್ಲ. ಸಂಶಯಪಡಲು ಮನೆಯಲ್ಲಿ ಇನ್ನು ಯಾರೂ ಉಳಿಯದಿದ್ದಾಗ, ಅವಳು ಬೀರುವಿನ ಮುಂದೆ ನೆಲದ ಮೇಲೆ ಕೂತು ಬಾಗಿಲು ತೆರೆದಳು. ಎಲೆಕೋಸಿನ ಹಳಸಲು ವಾಸನೆ ಮುಖಕ್ಕೆ ಬಡಿಯಿತು. ಈ ಸಲ ಅವಳು ಮುಖ ತಿರುಗಿಸಲಿಲ್ಲ. ಮೇಲಿನ ಖಾನೆಯನ್ನು ಮೂಸಿದಳು. ಕೆಳಗಿನ ಖಾನೆಯನ್ನು ಮೂಸಿದಳು. ಅಳಿಯನ ಒಂದು ಪ್ಲೇಟಿನ ಮುಚ್ಚಳ ಸರಿಸಿ ಮೂಗು ಹತ್ತಿರ ತಂದಳು. ವಾಸನೆ ಅವನದು.

ಪರೀಕ್ಷಿಸಲು ಮುದುಕನಂತೂ ಇಲ್ಲ. ಅಡುಗೆಮನೆಯ ಬುಟ್ಟಿಯ ತಳದಲ್ಲಿ ಕೊಳೆತ ಟೊಮೆಟೊ ಇತ್ತು, ಅದರ ಬೂಷ್ಟನ್ನೇ ತಂದು ಎರಡು ಪ್ಲೇಟಿಗೆ ಹಾಕಿದಳು. ಎರಡು ಸ್ಟೀಲ್ ಡಬ್ಬಿ ತೆಗೆದುಕೊಂಡು ಒಂದೊಂದರಲ್ಲಿ ಒಂದೊಂದು ಪ್ಲೇಟು ಇಟ್ಟಳು. ಒಂದು ಡಬ್ಬಿಯಲ್ಲಿ ಮಾತ್ರ, ತಾಗದ ಹಾಗೆ ಬೇರೆಯಾಗಿ, ಅಳಿಯನ ನಾಲ್ಕು ಪ್ಲೇಟುಗಳನ್ನೂ ಇಟ್ಟಳು. ಎರಡಕ್ಕೂ ಮುಚ್ಚಳ ಒತ್ತಿದಳು. ನಾಲ್ಕನೆಯ ದಿನ ತೆರೆದಾಗ ಒಂಟಿಯಾಗಿದ್ದ ಬೂಷ್ಟು ಮುಚ್ಚಳಕ್ಕೆ ತಲೆ ತಾಗುವಷ್ಟು ಬೆಳೆದಿತ್ತು. ಅಳಿಯನ ಜೊತೆಗಿದ್ದದ್ದು ಹಳದಿಯಾಗಿ, ಮುದುಡಿಕೊಂಡು, ಅವಳು ನಾಲ್ಕು ತಿಂಗಳಿಂದ ನೋಡಿ ನೋಡಿ ಬೇಸತ್ತಿದ್ದ ಅದೇ ರೂಪದಲ್ಲಿತ್ತು.

ಅಳಿಯ ಮುಟ್ಟಲೇಬೇಕಿರಲಿಲ್ಲ. ಅಗರ್‌ನಲ್ಲಿ ಜಿನುಗಿಸುವುದಷ್ಟೇ ಅವನ ವಿದ್ಯೆ ಎಂದು ಮಾವನೂ ನಂಬಿದ್ದರು, ಅವಳೂ ನಂಬಿದ್ದಳು. ಅವನು ಗಾಳಿಗೂ ಏನನ್ನೋ ಬಿಡುತ್ತಿದ್ದ. ತೆರೆದ ಕೋಣೆಗಳಲ್ಲಿ, ಒಬ್ಬರಿಂದೊಬ್ಬರು ದೂರ ಇದ್ದಷ್ಟು ಕಾಲ ಅದು ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಹದಿನಾರು ಪ್ಲೇಟು ಅಳಿಯನನ್ನೂ ಮುದುಕನನ್ನೂ ಒಂದೇ ಬೀರುವಿನಲ್ಲಿ ಕೂಡಿ ಹಾಕಿ, ಸಂದಿಗೆ ಟೇಪು ಅಂಟಿಸಿ, ತೂತಿಗೆ ಬಟ್ಟೆ ತುರುಕಿದವಳು ಅವಳೇ. ಹುಡುಗಿ ಬಂದ ಮೇಲೆ ಸಾವು ಶುರುವಾದದ್ದು ನಿಜ. ಆದರೆ ಅದು ಹುಡುಗಿಗೆ ಹೆದರಿ ಇವಳು ಹಾಕಿದ ಬೀಗದಿಂದ ಶುರುವಾಗಿತ್ತು.

ಅವಳಿಗೆ ನಾಚಿಕೆಯಾಯಿತು, ಮೈಯೆಲ್ಲ ಬಿಸಿಯಾಗುವಷ್ಟು ನಾಚಿಕೆ. ಆದರೆ ನಾಚಿಕೆಯ ಹಿಂದೆಯೇ ಇನ್ನೊಂದು ಯೋಚನೆ ಬಂತು. ಬಂದದ್ದೇ ತಡ, ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಎಲ್ಲಿಗೆ ಎಂದು ಅತ್ತೆ ಕೇಳುವಷ್ಟರಲ್ಲಿ ಬೀದಿಗಿಳಿದಿದ್ದಳು.

ಕಿರಿಸೊಸೆಯ ತವರು ಎರಡು ಬಸ್ಸು ಬದಲಾಯಿಸಿ ಹೋಗುವಷ್ಟು ದೂರ. ದಾರಿಯುದ್ದಕ್ಕೂ ಅವಳು ಲೆಕ್ಕ ಹಾಕಿದಳು. ಡಬ್ಬಿಯಲ್ಲಿ ಎಂಟು ಪ್ಲೇಟಿತ್ತು. ಆದರೆ ಎಂಟೇ ಇತ್ತೆಂದು ಯಾರು ಹೇಳಿದರು? ಲ್ಯಾಬಿನಲ್ಲಿ ಎರಡು ವರ್ಷ ಪಳಗಿದವಳು ಎಲ್ಲವನ್ನೂ ಒಂದೇ ಕಡೆ ಇಡುತ್ತಾಳೆಯೇ? ಒಂಬತ್ತನೆಯದೊಂದು ಇರಬೇಕು. ತವರಿನಲ್ಲಿ ಎಲ್ಲಾದರೂ ಇಟ್ಟಿರಬೇಕು. ಇಲ್ಲವೇ ಆ ಸ್ಕೂಟರಿನ ಮ್ಯಾನೇಜರಿಗೆ ಕೊಟ್ಟಿರಬೇಕು. ತಾರಸಿಯ ಮೇಲೆ ಅಷ್ಟು ಫೋನು ಮಾಡಿದ್ದು ಸುಮ್ಮನೆಯೇ? ಕೊಟ್ಟಿರಲಿ, ದೇವರೇ, ಕೊಟ್ಟಿರಲಿ. ದೊಡ್ಡ ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಭಿಕ್ಷೆ ಬೇಡಿಯಾದರೂ ಒಂದು ಚೂರು ತರುತ್ತೇನೆ ಎಂದುಕೊಂಡಳು.

ಬೈಂಡಿಂಗ್ ಅಂಗಡಿಯ ಹಿಂದೆಯೇ ಮನೆ. ಹುಡುಗಿಯ ಅಪ್ಪ ಅಂಟು ಹಚ್ಚಿದ ಕೈಯನ್ನು ಮೇಲೆತ್ತಿಕೊಂಡೇ, "ಬನ್ನಿ, ಒಳಗೆ ಬನ್ನಿ" ಎಂದರು. ಅವರಿಗೆ ಎಷ್ಟು ಗೊತ್ತಿತ್ತೋ, ಮುಖದಲ್ಲಿ ಏನೂ ತೋರಿಸಲಿಲ್ಲ. ಒಳಗೆ ಕಿರಿಸೊಸೆ ನೆಲದ ಮೇಲೆ ಕೂತು ಕಾಗದದ ಹಾಳೆ ಮಡಚುತ್ತಿದ್ದಳು. ಇವಳನ್ನು ಕಂಡು ಎದ್ದು ನಿಂತಳು. ಒಳಗಿನಿಂದ ಒಂದು ಲೋಟ ನೀರು ತಂದುಕೊಟ್ಟಳು.

ಹಿರಿಸೊಸೆ ನೀರು ಕುಡಿಯಲಿಲ್ಲ. ಬೀರು, ಟೇಪು, ವಾಸನೆ, ಎರಡು ಡಬ್ಬಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. "ತಪ್ಪು ನಂದೇ. ಪೂರ್ತಿ ನಂದೇ. ನಿನ್ನ ಮುಂದೆ ನಿಲ್ಲೋ ಮುಖ ನನಗಿಲ್ಲ" ಎಂದಳು.

ಹುಡುಗಿಯ ಕಣ್ಣಲ್ಲಿ ನೀರು ನಿಂತಿತು. "ಟ್ಯೂಬ್‌ಗಳು?" ಎಂದಳು.

"ಮೂರೂ ಹೋಯ್ತು."

"ಮೂರೂನಾ?"

"ಮೂರೂ. ಅದಕ್ಕೇ ಕೇಳ್ತಿದ್ದೀನಿ." ಹಿರಿಸೊಸೆ ಅವಳ ಎರಡೂ ಕೈ ಹಿಡಿದುಕೊಂಡಳು. "ಆ ಡಬ್ಬೀಲಿ ಇದ್ದದ್ದು ಬಿಟ್ಟು ಇನ್ನೊಂದು ಇಟ್ಟಿದ್ದೀಯಲ್ವಾ? ಹೇಳು. ನಾನೇನೂ ಅನ್ನಲ್ಲ. ಇಲ್ಲಿಗೆ ತಂದಿದ್ರೂ ಸರಿ. ದೊಡ್ಡ ಲ್ಯಾಬಿಗೆ ಕೊಟ್ಟಿದ್ರೂ ಸರಿ. ಕೊಟ್ಟಿದ್ದೀಯಾ? ಒಂದು ಚೂರು? ಕೊಟ್ಟಿದ್ದೀನಿ ಅಂತ ಹೇಳು, ನಿನ್ನ ಕಾಲಿಗೆ ಬೀಳ್ತೀನಿ."

ಹುಡುಗಿ ತನ್ನ ಕೈಗಳನ್ನು ಬಿಡಿಸಿಕೊಳ್ಳಲಿಲ್ಲ. ಹಿರಿಸೊಸೆಯ ಮುಖವನ್ನೇ ನೋಡಿದಳು.

"ಅಕ್ಕಾ, ಐದು ತಿಂಗಳು ನಾನು ಕಳ್ಳಿ ಅಲ್ಲ ಅಂತ ನಿಮಗೆ ಹೇಗೆ ತೋರಿಸ್ಲಿ ಅಂತ ಒದ್ದಾಡಿದೆ. ಇವತ್ತು ನಾನು ಕದ್ದಿರ್ಲಿ ಅಂತ ಕೇಳ್ಕೊಂಡು ಬಂದ್ರಾ?"

"ಹೌದು" ಎಂದಳು ಹಿರಿಸೊಸೆ.

"ನಾನೇನೂ ತಂದಿಲ್ಲ ಅಕ್ಕ. ಯಾರಿಗೂ ಕೊಟ್ಟಿಲ್ಲ. ಎಂಟೇ ಇದ್ದದ್ದು."

ಮುಂದಿನ ಅಂಗಡಿಯಲ್ಲಿ ಅಪ್ಪ ಹಾಳೆಗಳನ್ನು ಕತ್ತರಿಸುವ ಸದ್ದು ಕೇಳುತ್ತಿತ್ತು. ಮದುವೆಯಾಗಿ ಬಂದ ದಿನದಿಂದ ಅವಳಾಡಿದ ಒಂದು ಮಾತನ್ನೂ ನಂಬದಿದ್ದ ಹಿರಿಸೊಸೆ, ಈ ಮಾತನ್ನು ಮಾತ್ರ, ಒಂದಕ್ಷರವನ್ನೂ ಬಿಡದೆ, ನಂಬಿದಳು.